ಕಾಲೇಜ್ ಫುಟ್‌ಬಾಲ್ ಕ್ಯಾಂಪ್‌ನ ಮೊದಲ ವಾರ: ಹೊಸ ರೋಸ್ಟರ್ ಬಗ್ಗೆ ಯಾವ ಸುದ್ದಿ ನಂಬಬಹುದು?

ನಾಲ್ಕನೇ_ಡೌನ್ (ಪ್ರಶ್ನೆ)

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರಿಗೆ ಒಂದು ಪ್ರಶ್ನೆ. ನಮ್ಮ ತಂಡದ ಆಗಸ್ಟ್ ಕ್ಯಾಂಪ್ ಶುರುವಾಗಿ ನಾಲ್ಕು ದಿನವಾಯಿತು. ಕಳೆದ ಸೀಸನ್‌ಗೆ ಹೋಲಿಸಿದರೆ ರೋಸ್ಟರ್ (ಆಟಗಾರರ ಪಟ್ಟಿ) ಅರ್ಧಕ್ಕರ್ಧ ಬದಲಾಗಿದೆ. ಆಫೆನ್ಸಿವ್ ಲೈನ್‌ನ (ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಸಾಲು) ಐವರಲ್ಲಿ ನಾಲ್ವರು ಹೊಸಬರು: ಮೂವರು ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ವ್ಯವಸ್ಥೆ) ಬಂದವರು, ಒಬ್ಬ ರೆಡ್‌ಶರ್ಟ್ ವರ್ಷ (ತಂಡದಲ್ಲಿದ್ದೂ ಪಂದ್ಯ ಆಡದೆ ಅರ್ಹತೆ ಉಳಿಸಿಕೊಂಡ ವರ್ಷ) ಮುಗಿಸಿದ ಹುಡುಗ. ಹಳಬನೊಬ್ಬ ಉಳಿದಿದ್ದಾನೆ, ಅವನನ್ನೂ ರೈಟ್ ಗಾರ್ಡ್‌ನಿಂದ ಸೆಂಟರ್‌ಗೆ (ಸಾಲಿನ ನಡುವಿನ ಜಾಗ; ಅದರ ಎರಡು ಬದಿ ಗಾರ್ಡ್, ಅವರಾಚೆ ಟ್ಯಾಕಲ್) ತಂದಿದ್ದಾರೆ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಇಬ್ಬರ ನಡುವೆ ಪೈಪೋಟಿ.

ವರದಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಮೊದಲ ದಿನ ಡಿಫೆನ್ಸಿವ್ ಲೈನ್ (ಎದುರಿನಿಂದ ನುಗ್ಗುವ ಸಾಲು) ಆಫೆನ್ಸ್ ಅನ್ನು (ಚೆಂಡು ಆಡುವ ಬದಿ) ಉಸಿರಾಡಲೂ ಬಿಡಲಿಲ್ಲವಂತೆ. ಎರಡನೇ ದಿನ ಹೊಸ ಕ್ವಾರ್ಟರ್‌ಬ್ಯಾಕ್ ಸೆವೆನ್-ಆನ್-ಸೆವೆನ್‌ನಲ್ಲಿ (ಲೈನ್‌ಗಳಿಲ್ಲದೆ ಏಳೇಳು ಜನ ಆಡುವ ಪಾಸ್ ಅಭ್ಯಾಸ) ಎಸೆದದ್ದೆಲ್ಲ ಕೈಸೇರಿತಂತೆ. ಮೂರನೇ ದಿನ ಸ್ನ್ಯಾಪ್‌ಗಳು (ಸೆಂಟರ್ ಚೆಂಡನ್ನು ಹಿಂದೆ ಕ್ವಾರ್ಟರ್‌ಬ್ಯಾಕ್‌ಗೆ ಕಳಿಸುವುದು) ನಾಲ್ಕೈದು ಸಲ ನೆಲಕ್ಕೆ ಬಿದ್ದವು. ನಾಲ್ಕನೇ ದಿನ ಮೂವರು ರಿಸೀವರ್‌ಗಳು (ಪಾಸ್ ಹಿಡಿಯುವವರು) ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿದುಕೊಂಡು ಅಂಚಿನಲ್ಲಿ ಸೈಕಲ್ ತುಳಿಯುತ್ತಿದ್ದರು.

ಇದರಲ್ಲಿ ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದನ್ನು ಪಕ್ಕಕ್ಕಿಡಬೇಕು? ಇನ್ನೊಂದು: ವೆಬ್‌ಸೈಟ್‌ನಲ್ಲಿರುವ ರೋಸ್ಟರ್‌ನಲ್ಲಿ 109 ಹೆಸರಿವೆ. ಮಿತಿ 105 ಅಲ್ಲವೇ? ಮೊದಲ ಪಂದ್ಯದೊಳಗೆ ಇನ್ನೂ ಹೊಸಬರು ಬರುವ ಸಾಧ್ಯತೆ ಇದೆಯೇ?

ಸೈಡ್‌ಲೈನ್_ಲೆಕ್ಕ

ಮೊದಲು ಯಾವ ದಿನ ಏನು ತೊಟ್ಟು ಆಡಿದರು ಎಂಬುದನ್ನು ನೋಡಿ. ಅದು ಗೊತ್ತಿಲ್ಲದೆ ಕ್ಯಾಂಪ್ ಸುದ್ದಿ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ.

ಕಾಲೇಜ್ ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 2021ರಲ್ಲಿ ತಂದ ಬದಲಾವಣೆಯ ಪ್ರಕಾರ ಮೊದಲ 7 ದಿನ ಮೈಯನ್ನು ಹದಗೊಳಿಸುವ ಅವಧಿ. ಅದರಲ್ಲಿ 2 ದಿನ ಬರೀ ಹೆಲ್ಮೆಟ್, ಮುಂದಿನ 3 ದಿನ ಹೆಲ್ಮೆಟ್ ಜೊತೆ ಶೋಲ್ಡರ್ ಪ್ಯಾಡ್, ಕೊನೆಯ 2 ದಿನ ಪೂರ್ತಿ ಪ್ಯಾಡ್. ಅದಕ್ಕೂ ಮುಂಚೆ ಇದು 5 ದಿನವಿತ್ತು. ಒಂದೇ ದಿನ ಎರಡು ಸಲ ಗುದ್ದಾಟದ ಪ್ರಾಕ್ಟೀಸ್ ಮಾಡಿಸುವ ಪದ್ಧತಿಯನ್ನು 2017ರಲ್ಲೇ ನಿಲ್ಲಿಸಿದರು. ವಾರಕ್ಕೆ ಒಂದು ದಿನ ಕಡ್ಡಾಯ ರಜೆ ಬಂದದ್ದೂ ಆಗಲೇ. ಪ್ರೀಸೀಸನ್‌ನಲ್ಲಿ ಸಿಗುವ 25 ಪ್ರಾಕ್ಟೀಸ್‌ಗಳಲ್ಲಿ ಪೂರ್ಣ ಸಂಪರ್ಕಕ್ಕೆ ಅವಕಾಶವಿರುವುದು 18ರಲ್ಲಿ ಮಾತ್ರ (ಮೊದಲು 21 ಇತ್ತು), ಅದೂ ಒಂದು ಪ್ರಾಕ್ಟೀಸ್‌ನಲ್ಲಿ 75 ನಿಮಿಷ ಮೀರದಂತೆ, ಸತತ ಎರಡು ದಿನಕ್ಕಿಂತ ಹೆಚ್ಚು ಬರದಂತೆ. ಆ 75 ನಿಮಿಷದ ಕಟ್ಟು ಇಲ್ಲದ ಸ್ಕ್ರಿಮೇಜ್ (ತಂಡದೊಳಗಿನ ಅಭ್ಯಾಸ ಪಂದ್ಯ) ಎರಡೇ. ಇಬ್ಬರನ್ನು ಎದುರುಬದುರು ನಿಲ್ಲಿಸಿ ನೇರ ಢಿಕ್ಕಿ ಹೊಡೆಸುವ ಓಕ್ಲಹೋಮಾ ಡ್ರಿಲ್‌ನಂಥವಕ್ಕೆ ಈಗ ಜಾಗವಿಲ್ಲ.

ತಡವಾಗಿ ಸೇರಿದವನಿಗೂ ಈ 7 ದಿನ ತಪ್ಪುವುದಿಲ್ಲ. ತಂಡ ಪೂರ್ತಿ ಪ್ಯಾಡ್‌ನಲ್ಲಿರುವಾಗ ಒಬ್ಬ ಮಾತ್ರ ಹೆಲ್ಮೆಟ್‌ನಲ್ಲಿ ನಿಂತಿದ್ದರೆ ಗಾಯ ಎಂದೇ ತಿಳಿಯಬೇಡಿ, ಅವನ ಎಣಿಕೆ ತಡವಾಗಿ ಶುರುವಾಗಿರಬಹುದು.

ಈಗ ನಿಮ್ಮ ವರದಿಗಳಿಗೆ ಬರೋಣ. ಪ್ಯಾಡ್ ಇಲ್ಲದ ದಿನ ‘ಡಿಫೆನ್ಸಿವ್ ಲೈನ್ ಮೇಲುಗೈ’ ಎಂಬ ಸುದ್ದಿಗೆ ತೂಕವಿಲ್ಲ. ಆಫೆನ್ಸಿವ್ ಲೈನ್‌ನವನ ಕೆಲಸವೆಲ್ಲ ಎದುರಿನವನ ಎದೆಯ ಪ್ಯಾಡ್ ಮೇಲೆ ಎರಡೂ ಕೈ ಊರಿ, ಸೊಂಟ ತಗ್ಗಿಸಿ ತಡೆದು ನಿಲ್ಲುವುದು. ಬರೀ ಅಂಗಿಯ ಮೇಲೆ ಆ ಹಿಡಿತ ಸಿಗುವುದಿಲ್ಲ, ಕೋಚ್‌ಗಳೂ ಪೂರ್ತಿ ಬಲ ಹಾಕಲು ಬಿಡುವುದಿಲ್ಲ. ಪಕ್ಕದಿಂದ ನುಗ್ಗುವವನಿಗೆ ದಾರಿ ಸಲೀಸು. ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟುವಂತಿಲ್ಲವಾದ್ದರಿಂದ ಅದು ಸ್ಯಾಕ್ (ಎಸೆಯುವ ಮೊದಲೇ ಅವನನ್ನು ಕೆಡವುವುದು) ಹೌದೋ ಅಲ್ಲವೋ ಎಂದು ತೀರ್ಮಾನಿಸುವುದೂ ಕೋಚ್‌ನ ಸೀಟಿಯೇ. ಸೆವೆನ್-ಆನ್-ಸೆವೆನ್ ಅಂತೂ ಇದರ ತದ್ವಿರುದ್ಧ. ಅಲ್ಲಿ ನುಗ್ಗುವವರೇ ಇಲ್ಲ, ಚೆಂಡು ಹಿಡಿದು ನಾಲ್ಕು ಸೆಕೆಂಡ್ ನಿಂತರೂ ಕೇಳುವವರಿಲ್ಲ.

ಪ್ಯಾಡ್ ಇಲ್ಲದಿದ್ದರೂ ನಿಜ ಹೇಳುವ ಸಂಗತಿಗಳಿವೆ. ಸ್ನ್ಯಾಪ್ ಸರಿಯಾಗಿ ಕೈಸೇರಿತೇ, ಲೈನ್ ಹೊತ್ತಿಗೆ ಸರಿಯಾಗಿ ನಿಂತಿತೇ, ಫಾಲ್ಸ್ ಸ್ಟಾರ್ಟ್ (ಸ್ನ್ಯಾಪ್‌ಗೆ ಮುಂಚೆ ಅಲುಗಾಡುವ ತಪ್ಪು) ಎಷ್ಟು, ನುಗ್ಗುವವನೊಬ್ಬ ಯಾರೂ ಮುಟ್ಟದೆ ಒಳಬಂದನೇ, ಕವರೇಜ್‌ನಲ್ಲಿ (ರಿಸೀವರ್‌ಗಳನ್ನು ಕಾಯುವಾಗ) ಇಬ್ಬರು ಒಬ್ಬನ ಹಿಂದೆಯೇ ಓಡಿ ಇನ್ನೊಬ್ಬನನ್ನು ಬಿಟ್ಟರೇ. ಇವು ಬಲದ ತಪ್ಪಲ್ಲ, ತಿಳಿವಳಿಕೆಯ ತಪ್ಪು. ಹೆಲ್ಮೆಟ್ ಒಂದೇ ಇದ್ದರೂ ತಪ್ಪು ತಪ್ಪೇ. ಹಾಗಾಗಿ ನೀವು ಬರೆದ ನಾಲ್ಕರಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಎರಡನ್ನು: ನೆಲಕ್ಕೆ ಬಿದ್ದ ಸ್ನ್ಯಾಪ್, ಮತ್ತು ಹ್ಯಾಮ್‌ಸ್ಟ್ರಿಂಗ್.

ನೂರೈದು

ರೋಸ್ಟರ್ ಲೆಕ್ಕದ ಬಗ್ಗೆ ನಾನು ಹೇಳುತ್ತೇನೆ.

105ರ ಮಿತಿ ಬಂದದ್ದು ಹೌಸ್ ಪ್ರಕರಣದ (ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆ) ರಾಜಿ ಒಪ್ಪಂದದಿಂದ. ಅದಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2025ರ ಜೂನ್ 6ರಂದು ಅಂತಿಮ ಒಪ್ಪಿಗೆ ಕೊಟ್ಟರು. ಅಲ್ಲಿಯವರೆಗೆ ಇದ್ದದ್ದು 85 ಸ್ಕಾಲರ್‌ಶಿಪ್‌ಗಳ ಮಿತಿ, ರೋಸ್ಟರ್‌ಗೆ ಮಿತಿಯಿರಲಿಲ್ಲ. ವಾಕ್-ಆನ್ (ಸ್ಕಾಲರ್‌ಶಿಪ್ ಇಲ್ಲದ) ಹುಡುಗರನ್ನು ಸೇರಿಸಿ 120ಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡ ತಂಡಗಳು ಬೇಕಾದಷ್ಟಿದ್ದವು. ಈಗ 105 ಜನಕ್ಕೂ ಸ್ಕಾಲರ್‌ಶಿಪ್ ಕೊಡಬಹುದು, ಆದರೆ 106ನೆಯವನಿಗೆ ಜಾಗವಿಲ್ಲ. ಒಪ್ಪಂದಕ್ಕೆ ಸೇರಿಕೊಂಡ ಕಾಲೇಜುಗಳಿಗೆ ಮಾತ್ರ ಇದು ಅನ್ವಯ.

109 ಕಂಡರೆ ಗಾಬರಿ ಬೇಡ. ಎರಡು ಕಾರಣ ಇರಬಹುದು. ಈ ಮಿತಿ ಬಂದದ್ದರಿಂದಲೇ ಜಾಗ ಕಳೆದುಕೊಂಡ ಅಥವಾ ಕಳೆದುಕೊಳ್ಳಲಿದ್ದ 2024-25ರ ಆಟಗಾರರನ್ನು ಪ್ರತ್ಯೇಕ ಪಟ್ಟಿ ಮಾಡಿ, ಅವರ ಅರ್ಹತೆ ಮುಗಿಯುವವರೆಗೆ ಎಣಿಕೆಯಿಂದ ಹೊರಗಿಟ್ಟಿದ್ದಾರೆ. ಬೇರೆ ಕಾಲೇಜಿಗೆ ಹೋದರೂ ಆ ವಿನಾಯಿತಿ ಅವರ ಜೊತೆಗೇ ಹೋಗುತ್ತದೆ. ಅಂಥ ನಾಲ್ವರಿದ್ದರೆ 109 ಪೂರ್ತಿ ಕಾನೂನುಬದ್ಧ. ಎರಡನೆಯದು, ಶರತ್ಕಾಲದ ಆಟಗಳು ಮಿತಿಯೊಳಗೆ ಬರಬೇಕಾದದ್ದು ಮೊದಲ ಸ್ಪರ್ಧೆಯ ದಿನದ ಹೊತ್ತಿಗೆ. ಆಗಸ್ಟ್ ಮೊದಲ ವಾರದ ಪಟ್ಟಿ ಕೊನೆಯ ಪಟ್ಟಿಯಲ್ಲ.

ಹೊಸಬರು ಬರುವ ಬಗ್ಗೆ: ದೊಡ್ಡ ಹೆಸರು ಯಾವುದೂ ಈಗ ಬರುವುದಿಲ್ಲ. ಮೊದಲು ಏಪ್ರಿಲ್‌ನಲ್ಲಿ ಪೋರ್ಟಲ್ ಇನ್ನೊಮ್ಮೆ ತೆರೆಯುತ್ತಿತ್ತು. ಸ್ಪ್ರಿಂಗ್‌ನ 15 ಪ್ರಾಕ್ಟೀಸ್ ನೋಡಿ, ಎಲ್ಲಿ ತೂತಿದೆಯೋ ಅಲ್ಲಿಗೆ ಮೇ ತಿಂಗಳಲ್ಲಿ ಆಳು ತರುತ್ತಿದ್ದರು. 2026ರಿಂದ ಆ ಬಾಗಿಲು ಮುಚ್ಚಿದೆ, ಉಳಿದದ್ದು ಜನವರಿ 2ರಿಂದ 16ರವರೆಗಿನ ಒಂದೇ ಅವಧಿ. ಮುಖ್ಯ ಕೋಚ್ ಬದಲಾದ ತಂಡದ ಆಟಗಾರರಿಗೆ ಮಾತ್ರ ಬೇರೆ 15 ದಿನ ಸಿಗುತ್ತದೆ. ಹಾಗಾಗಿ ಆಗಸ್ಟ್‌ನ ಬದಲಾವಣೆ ಎಂದರೆ ಕ್ಯಾಂಪಸ್‌ನಲ್ಲೇ ಇರುವ ವಾಕ್-ಆನ್, ವೈದ್ಯಕೀಯ ಕಾರಣಕ್ಕೆ ಆಟ ಬಿಟ್ಟವನ ಜಾಗ, ಇಲ್ಲವೇ ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋದವನು. ಈ ಕೊನೆಯದನ್ನು ಜನ ಗಮನಿಸುವುದೇ ಇಲ್ಲ, ಆದರೆ ನಿಜವಾದ ರೋಸ್ಟರ್ ಬದಲಾವಣೆ ಅಲ್ಲೇ ನಡೆಯುವುದು. ಟೈಟ್ ಎಂಡ್ (ಸಾಲಿನ ತುದಿಯಲ್ಲಿ ನಿಂತು ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದವನು) ಒಬ್ಬ ಲೈನ್ ಮೀಟಿಂಗ್‌ಗೆ ಹೋಗತೊಡಗಿದ್ದಾನೆ ಎಂದರೆ ಟ್ಯಾಕಲ್ ಸ್ಥಾನದಲ್ಲಿ ಬದಲಿಗಿರುವವನ ಮೇಲೆ ಕೋಚ್‌ಗೆ ನಂಬಿಕೆಯಿಲ್ಲ ಎಂದರ್ಥ.

ಜೆರ್ಸಿ ನಂಬರ್ ನೋಡಿಯೂ ಇದನ್ನು ಹಿಡಿಯಬಹುದು. ಆಫೆನ್ಸ್‌ನಲ್ಲಿ ಸ್ಕ್ರಿಮೇಜ್ ಗೆರೆಯ (ಆಟ ಶುರುವಾಗುವ ಗೆರೆ) ಮೇಲೆ ಕನಿಷ್ಠ ಐವರು 50ರಿಂದ 79ರೊಳಗಿನ ನಂಬರ್ ಹಾಕಿರಬೇಕು. 87 ಹಾಕಿದ್ದವನು 67ಕ್ಕೆ ಬಂದರೆ ಸಂದೇಹವೇ ಬೇಡ. ಒಂದೇ ನಂಬರ್ ಇಬ್ಬರಿಗೆ ಕೊಡಬಹುದು, ಆದರೆ ಇಬ್ಬರೂ ಒಟ್ಟಿಗೆ ಮೈದಾನದಲ್ಲಿರುವಂತಿಲ್ಲ. ಒಂದೇ ನಂಬರಿನ ಇಬ್ಬರೂ ಪಂಟ್ ತಂಡದಲ್ಲಿ (ಚೆಂಡನ್ನು ದೂರ ಒದೆಯುವಾಗ ಇಳಿಯುವ ಗುಂಪು) ಬೇಕೆಂದಾಗ ಕ್ಯಾಂಪ್ ಮಧ್ಯದಲ್ಲಿ ಒಬ್ಬನ ನಂಬರ್ ಬದಲಾಗುತ್ತದೆ.

105ನ್ನು ಸ್ಥಾನಗಳಿಗೆ ಹಂಚುವ ಒಂದು ವಾಡಿಕೆಯ ಲೆಕ್ಕ ಹೀಗಿರುತ್ತದೆ: ಕ್ವಾರ್ಟರ್‌ಬ್ಯಾಕ್ 5, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರು) 7, ರಿಸೀವರ್ 13, ಟೈಟ್ ಎಂಡ್ 6, ಆಫೆನ್ಸಿವ್ ಲೈನ್ 18. ಆ ಕಡೆ ಡಿಫೆನ್ಸಿವ್ ಲೈನ್ 18, ಲೈನ್‌ಬ್ಯಾಕರ್ (ಡಿಫೆನ್ಸಿವ್ ಲೈನ್ ಹಿಂದೆ ನಿಲ್ಲುವವರು) 13, ಹಿಂದಿನ ಸಾಲು 19. ಒದೆಯುವವರು ಮತ್ತು ಲಾಂಗ್ ಸ್ನ್ಯಾಪರ್ (ಒದೆಯುವವನಿಗೆ ಚೆಂಡು ಕಳಿಸುವವನು) ಸೇರಿ 6. ಮೇಲ್ನೋಟಕ್ಕೆ ಧಾರಾಳ ಅನ್ನಿಸುತ್ತದೆ. ಆದರೆ ಲೈನ್‌ನಲ್ಲಿ ಮೂರು ಪೂರ್ತಿ ಗುಂಪು ಮಾಡಲು 15 ಜನ ಬೇಕು. 18ರಲ್ಲಿ ನಾಲ್ವರು ಕೂತರೆ ಮೂರನೇ ಗುಂಪು ಮುರಿಯಿತು, ಎರಡನೇ ಗುಂಪಿನವನು ಎರಡು ಪಟ್ಟು ಸ್ನ್ಯಾಪ್ ಆಡಬೇಕಾಯಿತು.

ನಾಲ್ಕನೇ_ಡೌನ್

109ರ ಗುಟ್ಟು ಈಗ ಗೊತ್ತಾಯಿತು, ಧನ್ಯವಾದ. ಹಾಗಾದರೆ ಸ್ನ್ಯಾಪ್ ವಿಷಯಕ್ಕೆ ಬರುತ್ತೇನೆ. ಹೊಸ ಸೆಂಟರ್ ಇದ್ದಾಗ ಇದು ಸಹಜವೇ? ನಾಲ್ವರು ಹೊಸಬರಿರುವ ಲೈನ್ ಒಂದು ತಿಂಗಳಲ್ಲಿ ಹೊಂದಿಕೊಳ್ಳುತ್ತದೆಯೇ?

ಎಡಗಾರ್ಡ್

ಸ್ನ್ಯಾಪ್‌ನಿಂದಲೇ ಶುರು ಮಾಡೋಣ, ಎಲ್ಲ ಅಲ್ಲಿಂದಲೇ ಹುಟ್ಟುವುದು.

ಶಾಟ್‌ಗನ್ ಎಂಬ ನಿಲುವಿನಲ್ಲಿ ಕ್ವಾರ್ಟರ್‌ಬ್ಯಾಕ್ ಸುಮಾರು 5 ಗಜ ಹಿಂದೆ ನಿಂತಿರುತ್ತಾನೆ. ಚೆಂಡು ಅವನ ಹೊಟ್ಟೆಯ ಎತ್ತರಕ್ಕೆ, ಎಸೆಯುವ ಕೈಯ ಕಡೆಗೆ ಬರಬೇಕು. ಗಾರ್ಡ್ ಆಗಿದ್ದವನು ಸೆಂಟರ್ ಆದಾಗ ಚೆಂಡು ಕಳಿಸುವುದನ್ನು ಬೇಗ ಕಲಿಯುತ್ತಾನೆ. ಕಷ್ಟವಿರುವುದು ಚೆಂಡು ಕಳಿಸುತ್ತಲೇ ಹೆಜ್ಜೆ ಇಡುವುದರಲ್ಲಿ. ಎದುರಿಗೆ ಯಾರೂ ಇಲ್ಲದಾಗ ಹತ್ತಕ್ಕೆ ಹತ್ತು ಸರಿ. ಮೂಗಿನ ನೇರಕ್ಕೆ 140 ಕೆಜಿಯ ನೋಸ್ ಟ್ಯಾಕಲ್ ನಿಂತ ಕೂಡಲೇ ಅವಸರಕ್ಕೆ ಸೊಂಟ ಮೊದಲು ಮೇಲೆದ್ದು ಚೆಂಡು ತಲೆಯ ಮೇಲೆ ಹಾರುತ್ತದೆ, ಇಲ್ಲವೇ ಮಣಿಕಟ್ಟು ಬೇಗ ತಿರುಗಿ ಪಾದದ ಬಳಿ ಬೀಳುತ್ತದೆ. ಮೇಲೆ ಹೋಗುವುದು, ಕೆಳಗೆ ಬೀಳುವುದು ಬೇರೆ ಬೇರೆ ರೋಗ. ವರದಿ ಮಾಡುವವರು ಯಾವುದೆಂದು ಹೇಳಿದ್ದರೆ ಗಮನಿಸಿ. ಒಂದೇ ಥರದ ತಪ್ಪಾದರೆ ಹತ್ತು ದಿನದಲ್ಲಿ ತಿದ್ದಬಹುದು. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಎಡಕ್ಕೆ ಎಂದಾದರೆ ಅವನ ಹಿಡಿತವೇ ದಿನಕ್ಕೊಂದು ರೀತಿ ಬದಲಾಗುತ್ತಿದೆ ಎಂದು ಅರ್ಥ, ಅದು ಚಿಂತೆಯ ವಿಷಯ. ಆಗಸ್ಟ್‌ನ ಬೆವರೂ ಇದರಲ್ಲಿ ಪಾಲುದಾರ. ಮುಂಗೈಯಿಂದ ಇಳಿದ ನೀರು ಚೆಂಡಿನ ಹೊಲಿಗೆಯವರೆಗೆ ಬರುತ್ತದೆ. ಅದಕ್ಕೇ ಸೊಂಟದ ಹಿಂದೆ ಟವೆಲ್, ಅದಕ್ಕೇ ಬೇಕೆಂದೇ ಬಕೆಟ್‌ನಲ್ಲಿ ಅದ್ದಿದ ಚೆಂಡಿನಿಂದ ಪ್ರತಿದಿನ ಇಪ್ಪತ್ತು-ಮೂವತ್ತು ಸ್ನ್ಯಾಪ್ ಮಾಡಿಸುವುದು.

ಕೆಟ್ಟ ಸ್ನ್ಯಾಪ್‌ನ ನಷ್ಟ ಬಿದ್ದ ಚೆಂಡಿಗೆ ಮುಗಿಯುವುದಿಲ್ಲ. ಒಂದಡಿ ಎತ್ತರಕ್ಕೆ ಬಂದರೂ ಕ್ವಾರ್ಟರ್‌ಬ್ಯಾಕ್ ಕಣ್ಣು ಡಿಫೆನ್ಸ್‌ನಿಂದ ಚೆಂಡಿನ ಕಡೆಗೆ ಹೋಗುತ್ತದೆ. ಸೇಫ್ಟಿ (ಡಿಫೆನ್ಸ್‌ನ ಕೊನೆಯ ಸಾಲಿನವನು) ಯಾವ ಕಡೆ ಸರಿದ ಎಂಬುದನ್ನು ನೋಡಬೇಕಾದ ಅರ್ಧ ಸೆಕೆಂಡ್ ಅಲ್ಲೇ ಹೋಯಿತು. ಚೆಂಡು 2.5 ಸೆಕೆಂಡ್ ಹೊತ್ತಿಗೆ ಕೈಬಿಡಬೇಕಾದ ಆಟದಲ್ಲಿ ಅರ್ಧ ಸೆಕೆಂಡ್ ದೊಡ್ಡದು. ‘ಕ್ವಾರ್ಟರ್‌ಬ್ಯಾಕ್ ತಡವಾಗಿ ಎಸೆಯುತ್ತಿದ್ದಾನೆ’ ಎಂಬ ದೂರಿನ ಮೂಲ ಎಷ್ಟೋ ಸಲ ಸೆಂಟರ್‌ನ ಕೈಯಲ್ಲಿರುತ್ತದೆ.

ಇನ್ನು ಹೊಂದಾಣಿಕೆ. ಲೈನ್‌ನ ಐವರ ಕೆಲಸ ಮಾತಿನ ಮೇಲೆ ನಿಂತಿದೆ. ಸೆಂಟರ್ ಬಂದು ಬೆರಳು ತೋರಿಸಿ ‘54 ಮೈಕ್’ (54 ನಂಬರಿನವನೇ ನಡುವಿನ ಲೈನ್‌ಬ್ಯಾಕರ್) ಎಂದು ಕೂಗುತ್ತಾನೆ, ಅಲ್ಲಿಂದ ಯಾರು ಯಾರನ್ನು ಹಿಡಿಯಬೇಕು ಎಂಬ ಎಣಿಕೆ ಶುರು. ಇನ್‌ಸೈಡ್ ಝೋನ್ ಎಂಬ ಓಟದ ಆಟದಲ್ಲಿ ಸೆಂಟರ್ ಮತ್ತು ಗಾರ್ಡ್ ಸೇರಿ ಎದುರಿನ ಒಬ್ಬ ಡಿಫೆನ್ಸಿವ್ ಟ್ಯಾಕಲ್‌ನನ್ನು ತಳ್ಳುತ್ತಾರೆ, ಬಳಿಕ ಒಬ್ಬ ಅವನನ್ನು ಬಿಟ್ಟು ಮುಂದಿನ ಲೈನ್‌ಬ್ಯಾಕರ್ ಕಡೆ ಹೋಗಬೇಕು. ಯಾರು ಬಿಡಬೇಕು ಎಂಬುದು ಲೈನ್‌ಬ್ಯಾಕರ್ ಯಾವ ಕಡೆ ಓಡಿದ ಎಂಬುದರ ಮೇಲೆ. ಬೇಗ ಬಿಟ್ಟರೆ ಟ್ಯಾಕಲ್ ಮಧ್ಯದಿಂದ ಸೀಳಿ ಬರುತ್ತಾನೆ, ತಡಮಾಡಿದರೆ ಲೈನ್‌ಬ್ಯಾಕರ್ ಎರಡು ಗಜದಲ್ಲೇ ಓಟಗಾರನನ್ನು ಕೆಡವುತ್ತಾನೆ.

ಪಾಸ್ ತಡೆಯುವಾಗ ಇನ್ನೂ ಸೂಕ್ಷ್ಮ. ಡಿಫೆನ್ಸಿವ್ ಟ್ಯಾಕಲ್ ಹೊರಗೆ, ಎಂಡ್ (ಡಿಫೆನ್ಸಿವ್ ಲೈನ್‌ನ ತುದಿಯವನು) ಅವನ ಹಿಂದಿನಿಂದ ಒಳಗೆ ಎಂದು ಜಾಗ ಅದಲುಬದಲು ಮಾಡಿ ನುಗ್ಗುತ್ತಾರೆ. ಆಗ ಗಾರ್ಡ್ ತನ್ನವನನ್ನು ಪಕ್ಕದ ಆಫೆನ್ಸಿವ್ ಟ್ಯಾಕಲ್‌ಗೆ ಒಪ್ಪಿಸಿ, ಬರುವವನನ್ನು ತಾನು ತೆಗೆದುಕೊಳ್ಳಬೇಕು. ಅದಕ್ಕೆ ಇಬ್ಬರೂ ಗೆರೆಯಿಂದ ಒಂದೇ ಆಳದಲ್ಲಿ ನಿಂತಿರಬೇಕು. ಒಬ್ಬ ಬಂದ ಕಾಲೇಜಿನಲ್ಲಿ ಥಟ್ಟನೆ ಮುಂದೆ ಹೋಗಿ ತಡೆಯುವುದು ಕಲಿಸಿದ್ದರೆ, ಇನ್ನೊಬ್ಬನಿಗೆ ಹಿಂದೆ ಸರಿದು ಕಾಯುವುದು ಕಲಿಸಿದ್ದರೆ, ಇಬ್ಬರ ನಡುವೆ ಒಂದು ಗಜದ ಅಂತರ ಬೀಳುತ್ತದೆ. ಒಪ್ಪಿಸುವ ಹೊತ್ತಿಗೆ ಇಬ್ಬರೂ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಾರೆ, ಎಂಡ್ ನೇರ ಒಳಗೆ. ಇಬ್ಬರೂ ಒಳ್ಳೆಯ ಆಟಗಾರರೇ ಆಗಿರಬಹುದು. ಪೋರ್ಟಲ್‌ನಿಂದ ಕಟ್ಟಿದ ಲೈನ್ ಸೆಪ್ಟೆಂಬರ್‌ನಲ್ಲಿ ಕುಸಿಯುವುದು ಹೆಚ್ಚಾಗಿ ಇಲ್ಲೇ.

ಎರಡು ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ಕೋಚ್ ಡಿಯಾನ್ ಸ್ಯಾಂಡರ್ಸ್ ಕೊಲರಾಡೊ ರೋಸ್ಟರ್ ಅನ್ನು ಹೆಚ್ಚುಕಡಿಮೆ ಪೂರ್ತಿ ಬದಲಿಸಿದರು. ಮೊದಲ ಪಂದ್ಯದಲ್ಲಿ ಟೆಕ್ಸಸ್ ಕ್ರಿಶ್ಚಿಯನ್ (ಟಿಸಿಯು) ವಿರುದ್ಧ 45–42 ಗೆಲುವು, 3–0 ಆರಂಭ. ಸೀಸನ್ ಮುಗಿದದ್ದು 4–8ಕ್ಕೆ, ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್ ಸ್ಯಾಂಡರ್ಸ್ 52 ಸಲ ಸ್ಯಾಕ್ ಆದರು. ಎಸೆಯುವ, ಹಿಡಿಯುವ ಪ್ರತಿಭೆ ತಕ್ಷಣ ಫಲ ಕೊಟ್ಟಿತು, ಲೈನ್ ಕೊಡಲಿಲ್ಲ. 2024ರ ಸೀಸನ್‌ಗೆ ಕರ್ಟ್ ಸಿಗ್ನೆಟ್ಟಿ ಇಂಡಿಯಾನಾಕ್ಕೆ ಕೋಚ್ ಆಗಿ ಬಂದಾಗ ತಮ್ಮ ಹಿಂದಿನ ಜೇಮ್ಸ್ ಮ್ಯಾಡಿಸನ್ ತಂಡದಿಂದಲೇ 13 ಜನರನ್ನು ಕರೆತಂದರು. ಹಿಂದಿನ ವರ್ಷ 3–9 ಇದ್ದ ತಂಡ 11–2 ಮುಗಿಸಿ ಪ್ಲೇಆಫ್‌ಗೆ ಹೋಯಿತು. ಬಂದವರಿಗೆ ಕೋಚ್‌ಗಳ ಪರಿಭಾಷೆ ಮೊದಲೇ ಗೊತ್ತಿತ್ತು, ಉಳಿದವರಿಗೆ ಅವರೇ ಕಲಿಸಿದರು. ಹಾಗಾಗಿ ನಿಮ್ಮ ಮೂವರು ಪೋರ್ಟಲ್ ಲೈನ್‌ಮನ್‌ಗಳ ನಕ್ಷತ್ರ (ಪ್ರತಿಭೆಯ ರೇಟಿಂಗ್) ಎಣಿಸಬೇಡಿ. ಯಾರಾದರೂ ಈಗಿನ ಲೈನ್ ಕೋಚ್ ಕೈಕೆಳಗೆ ಮೊದಲೇ ಆಡಿದ್ದರೇ, ಜನವರಿಯಲ್ಲೇ ಸೇರಿ ಸ್ಪ್ರಿಂಗ್‌ನ 15 ಪ್ರಾಕ್ಟೀಸ್ ಮಾಡಿದ್ದರೇ ಅಥವಾ ಜೂನ್‌ನಲ್ಲಿ ಬಂದರೇ, ಇವೆರಡನ್ನು ಹುಡುಕಿ. ಜೂನ್‌ನಲ್ಲಿ ಬಂದವನು ಮೊದಲ ಬಾರಿ ಪಕ್ಕದವನ ಜೊತೆ ಪ್ಯಾಡ್ ತೊಟ್ಟು ನಿಲ್ಲುವುದೇ ಈ ವಾರ.

ಬಲಗಡೆಯಿಂದ ಎಡಗಡೆಗೆ ಹೋದ ಟ್ಯಾಕಲ್ ಇದ್ದರೆ ಅವನಿಗೂ ಸಮಯ ಕೊಡಿ. ನಿಲ್ಲುವ ಕಾಲು, ಹಿಂದೆ ಸರಿಯುವ ಹೆಜ್ಜೆ, ಮೊದಲು ಚಾಚುವ ಕೈ ಎಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ತಾಜಾ ಇದ್ದಾಗ ಸರಿ ಮಾಡುತ್ತಾನೆ, ದಣಿದಾಗ ಹಳೆಯ ಕಾಲೇ ಮುಂದೆ ಬರುತ್ತದೆ. ಪ್ರಾಕ್ಟೀಸ್‌ನ ಕೊನೆಯ ಇಪ್ಪತ್ತು ನಿಮಿಷದ ವಿಡಿಯೊ ಸಿಕ್ಕರೆ ಅದನ್ನೇ ನೋಡಿ.

ಮಾಡಬೇಕಾದ ಕೆಲಸ ಒಂದೇ: ಪ್ರತಿದಿನ ಮೊದಲ ಗುಂಪಿನ ಐವರ ಹೆಸರನ್ನು ಎಡದಿಂದ ಬಲಕ್ಕೆ ಬರೆದಿಡಿ. ಏಳೆಂಟು ದಿನ ಅದಲುಬದಲಾಗುವುದು ಆರೋಗ್ಯಕರ, ಕೋಚ್ ಬೇಕೆಂದೇ ಮಾಡುತ್ತಾರೆ. ಮೊದಲ ಸ್ಕ್ರಿಮೇಜ್ ಆದ ಮೇಲೆ ಅದೇ ಐವರು ಅದೇ ಜಾಗದಲ್ಲಿ ಸತತ ಮೂರು ಪ್ರಾಕ್ಟೀಸ್ ಕಂಡರೆ ತೀರ್ಮಾನವಾಗಿದೆ ಎಂದುಕೊಳ್ಳಿ. ಎರಡನೇ ಸ್ಕ್ರಿಮೇಜ್ ಬಳಿಕವೂ ಬದಲಾಗುತ್ತಿದ್ದರೆ ಅದನ್ನು ‘ಪೈಪೋಟಿ’ ಎಂದು ಕರೆಯಲಾರೆ.

ಪ್ಲೇಕ್ಲಾಕ್

ಎಡಗಾರ್ಡ್ ಅವರ ಮಾತಿಗೆ ಕ್ವಾರ್ಟರ್‌ಬ್ಯಾಕ್ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಯಾರ ಪಾಸ್ ಎಷ್ಟು ಪೂರ್ತಿಯಾಯಿತು ಎನ್ನುವುದಕ್ಕಿಂತ ಯಾರು ಮೊದಲ ಗುಂಪಿನ ಜೊತೆ ಎಷ್ಟು ಸ್ನ್ಯಾಪ್ ತೆಗೆದುಕೊಂಡರು ಎಂಬುದು ಮುಖ್ಯ. ಎರಡು ಗಂಟೆಯ ಪ್ರಾಕ್ಟೀಸ್ ಎಂದರೆ 5 ನಿಮಿಷದ 24 ಪೀರಿಯಡ್. ಅದರಲ್ಲಿ ಮೊದಲ ಗುಂಪು ಹನ್ನೊಂದಕ್ಕೆ ಹನ್ನೊಂದು ಆಡುವ ಮೂರು ಪೀರಿಯಡ್ ಇದ್ದರೆ, ಪ್ರತಿಯೊಂದರಲ್ಲಿ 10 ಆಟದಂತೆ 30 ಸ್ನ್ಯಾಪ್. ಇಬ್ಬರು ಹಂಚಿಕೊಂಡರೆ ತಲಾ 15. ಹನ್ನೆರಡು ಪ್ರಾಕ್ಟೀಸ್‌ಗೆ 180. ಆಯ್ಕೆ ಎರಡು ವಾರ ತಡವಾದರೆ ಆರಂಭಿಕ ಆಟಗಾರ ತನ್ನದೇ ಸೆಂಟರ್ ಜೊತೆ ಕಳೆದುಕೊಳ್ಳುವುದು ಅಷ್ಟು. ಹೊಸ ಸೆಂಟರ್ ಇರುವ ತಂಡಕ್ಕೆ ಇದು ಎರಡು ಪಟ್ಟು ನೋವು, ಏಕೆಂದರೆ ಇಬ್ಬರ ಎತ್ತರ ಬೇರೆ, ಕೈ ಬೇರೆ, ಲಯ ಬೇರೆ.

ಇನ್ನೊಂದು ಪರೀಕ್ಷೆ ಗಡಿಯಾರದ್ದು. 2024ರಿಂದ ಕೋಚ್ ಒಬ್ಬ ಆಟಗಾರನ ಹೆಲ್ಮೆಟ್‌ಗೆ ನೇರ ಮಾತಾಡಬಹುದು, ಆ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತದೆ. ಪ್ಲೇ ಕ್ಲಾಕ್‌ನಲ್ಲಿ (ಸ್ನ್ಯಾಪ್ ಆಗಬೇಕಾದ ಗಡುವಿನ ಗಡಿಯಾರ) 15 ಸೆಕೆಂಡ್ ಉಳಿದಾಗ ಅಥವಾ ಸ್ನ್ಯಾಪ್ ಆದಾಗ, ಯಾವುದು ಮೊದಲೋ ಆಗ, ಅದು ಬಂದ್ ಆಗುತ್ತದೆ. ಅಷ್ಟರೊಳಗೆ ಲೈನ್ ನಿಂತಿರಬೇಕು, ಆಮೇಲೆ ಅವನೊಬ್ಬನೇ. ಹೊಸ ಹುಡುಗ 8 ಸೆಕೆಂಡ್ ಉಳಿದಾಗ ಲೈನ್‌ಗೆ ಬರುತ್ತಿದ್ದರೆ ಮೈಕ್ ಗುರುತಿಸಲು, ಪ್ರೊಟೆಕ್ಷನ್ (ಯಾರು ಯಾರನ್ನು ತಡೆಯಬೇಕೆಂಬ ಯೋಜನೆ) ಬದಲಿಸಲು ವ್ಯವಧಾನವೇ ಇಲ್ಲ. ಪ್ರಾಕ್ಟೀಸ್ ವಿಡಿಯೊದಲ್ಲಿ ಗಡಿಯಾರ ಕಂಡರೆ ಪಾಸ್ ಬಿಟ್ಟು ಗಡಿಯಾರ ನೋಡಿ.

ಇಂಟರ್‌ಸೆಪ್ಷನ್‌ಗಳಲ್ಲೂ (ಎಸೆದ ಚೆಂಡು ಎದುರಾಳಿ ಕೈಸೇರುವುದು) ಭೇದವಿದೆ. ರಿಸೀವರ್ ಕೈಗೆ ಬಡಿದು ಹಾರಿದ್ದು ಒಂದು, ಕ್ಯಾಂಪ್ ಆದ್ದರಿಂದ ಬೇಕೆಂದೇ ಇಕ್ಕಟ್ಟಿನಲ್ಲಿ ಎಸೆದು ನೋಡಿದ್ದು ಇನ್ನೊಂದು. ಮೈದಾನದ ಮಧ್ಯಕ್ಕೆ ತಡವಾಗಿ ಎಸೆದದ್ದು ಮಾತ್ರ ಸೆಪ್ಟೆಂಬರ್‌ನಲ್ಲೂ ಬರುತ್ತದೆ.

ಐಸ್_ಟಬ್

ಹ್ಯಾಮ್‌ಸ್ಟ್ರಿಂಗ್ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ನಾಲ್ಕು ದಿನದಲ್ಲಿ ಒಂದೇ ಸ್ಥಾನದ ಮೂವರು ಎಂದರೆ ಆಕಸ್ಮಿಕ ಎಂದು ಕೈತೊಳೆದುಕೊಳ್ಳಲಾಗದು.

ಬೇಸಿಗೆಯಲ್ಲಿ ಹುಡುಗರು ಓಡಿರುತ್ತಾರೆ, ಆದರೆ ನೇರವಾಗಿ, ತಮಗೆ ಬೇಕಾದಷ್ಟು ವಿಶ್ರಾಂತಿ ತೆಗೆದುಕೊಂಡು. ಕ್ಯಾಂಪ್‌ನಲ್ಲಿ ಪೂರ್ತಿ ವೇಗದ ಓಟ, ಗಕ್ಕನೆ ನಿಲ್ಲುವುದು, ಮತ್ತೆ ಮೂವತ್ತು ಸೆಕೆಂಡಿನಲ್ಲಿ ಇನ್ನೊಂದು ರೂಟ್ (ಪಾಸ್‌ಗಾಗಿ ಓಡುವ ದಾರಿ). ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟು ಬೀಳುವುದು ಕಾಲು ಮುಂದೆ ಚಾಚಿ ನೆಲಕ್ಕೆ ತಾಗುವ ಮುನ್ನ, ಅದು ಉದ್ದವಾಗುತ್ತಲೇ ಬಿಗಿಹಿಡಿಯಬೇಕಾದ ಕ್ಷಣದಲ್ಲಿ. ದಣಿದ ಸ್ನಾಯು ಅಲ್ಲಿ ಸೋಲುತ್ತದೆ. ಇದಕ್ಕೂ 105ರ ಮಿತಿಗೂ ನೇರ ಸಂಬಂಧವಿದೆ. 13 ರಿಸೀವರ್‌ಗಳಲ್ಲಿ ಮೂವರು ಕೂತರೆ ಅವರ ಓಟವೆಲ್ಲ ಉಳಿದ ಹತ್ತು ಜನರ ಕಾಲಿಗೆ ಬೀಳುತ್ತದೆ, ಪ್ರತಿಯೊಬ್ಬನಿಗೂ ಸುಮಾರು ಶೇ 30ರಷ್ಟು ಹೆಚ್ಚು. ನಾಲ್ಕನೆಯವನು ಬೀಳುವುದು ಹೀಗೆಯೇ. ಮೊದಲು ಆ ಓಟವನ್ನು ವಾಕ್-ಆನ್ ಹುಡುಗರು ಹಂಚಿಕೊಳ್ಳುತ್ತಿದ್ದರು.

ತಿಳಿದ ಕೋಚ್ ಆಗ ಮಾಡುವುದೇನು: ಉದ್ದಕ್ಕೆ ನೇರ ಓಡುವ ಗೋ ರೂಟ್‌ಗಳನ್ನು ಪ್ರತಿದಿನದ ಸ್ಕ್ರಿಪ್ಟ್‌ನಿಂದ ತೆಗೆದು ವಾರಕ್ಕೆ ಎರಡು ದಿನಕ್ಕೆ ಸೀಮಿತ ಮಾಡುವುದು, ಹಿಡಿಯುವ ಅಭ್ಯಾಸವನ್ನು ಚೆಂಡು ಉಗುಳುವ ಯಂತ್ರದ ಮುಂದೆ ನಿಂತಲ್ಲೇ ಮಾಡಿಸುವುದು, ಪ್ರತಿಯೊಬ್ಬನ ಜಿಪಿಎಸ್ ನೋಡಿ ವೇಗದ ಓಟದ ಗಜಗಳನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುವುದು. ಹಾಗೆಂದು ವೇಗದ ಓಟ ಪೂರ್ತಿ ನಿಲ್ಲಿಸುವುದೂ ತಪ್ಪು. ಹತ್ತು ದಿನ ಓಡದವನು ಹನ್ನೊಂದನೇ ದಿನ ಹರಿದುಕೊಳ್ಳುತ್ತಾನೆ. ಸಣ್ಣ ಎಳೆತಕ್ಕೆ ಒಂದೆರಡು ವಾರ, ಸ್ವಲ್ಪ ಹರಿದಿದ್ದರೆ ಮೂರರಿಂದ ಆರು ವಾರ. ನೋವಿಲ್ಲ ಎಂದ ಮಾತ್ರಕ್ಕೆ ವಾಪಸ್ ಕಳಿಸಬಾರದು, ತನ್ನ ಗರಿಷ್ಠ ವೇಗದ ಶೇ 90ರ ಮೇಲೆ ಬೇರೆ ಬೇರೆ ದಿನ ಎರಡು ಸಲವಾದರೂ ಓಡಿ ತೋರಿಸಿರಬೇಕು.

ಸೆಖೆಯ ಬಗ್ಗೆಯೂ ಹೇಳಲೇಬೇಕು. ಈ 7 ದಿನದ ನಿಯಮ ಇರುವುದೇ ಅದಕ್ಕಾಗಿ. ಮೊದಲ ಕೆಲವೇ ದಿನಗಳಲ್ಲಿ ರಕ್ತದ ಪ್ಲಾಸ್ಮಾ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಆದರೆ ಮೈ ಪೂರ್ತಿ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಹೆಚ್ಚು ಅಪಾಯ ಲೈನ್‌ಮನ್‌ಗಳಿಗೆ: ತೂಕಕ್ಕೆ ಹೋಲಿಸಿದರೆ ಶಾಖ ಬಿಡುವ ಚರ್ಮ ಕಡಿಮೆ. ಪ್ರಾಕ್ಟೀಸ್‌ಗೆ ಮುಂಚೆ ಮತ್ತು ನಂತರ ತೂಕ ನೋಡಬೇಕು. 140 ಕೆಜಿಯವನು 2.8 ಕೆಜಿ ಇಳಿದರೆ ಶೇ 2 ಆಯಿತು. ಇಳಿದ ಪ್ರತಿ ಕೆಜಿಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಉಪ್ಪಿನಂಶದ ಜೊತೆ ವಾಪಸ್ ಹೋಗಬೇಕು. ಬರೀ ನೀರು ಕುಡಿಸುತ್ತಲೇ ಇರುವುದು ಬೇರೆ ಅಪಾಯ ತರುತ್ತದೆ.

ಯಾರಾದರೂ ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ಕಾರಣವಿಲ್ಲದೆ ರೇಗಿದರೆ ಅದನ್ನು ದಣಿವು ಎಂದು ತಿಳಿಯಬಾರದು. ಗುದದ್ವಾರದ ಥರ್ಮಾಮೀಟರ್‌ನಲ್ಲಿ 40.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅಥವಾ ಅದರ ಮೇಲಿದ್ದರೆ ಕೂಡಲೇ ಐಸ್ ನೀರಿನ ತೊಟ್ಟಿಗೆ, ಕತ್ತಿನವರೆಗೆ. ನೀರು 2ರಿಂದ 15 ಡಿಗ್ರಿ ಇರಬೇಕು, ಕಲಕುತ್ತಲೇ ಇರಬೇಕು, ಸುಮಾರು 39ಕ್ಕೆ ಇಳಿದಾಗ ಹೊರಗೆ. ಬಾಯಿ, ಕಿವಿ, ಹಣೆಯ ಅಳತೆ ಇಲ್ಲಿ ಮೋಸ ಮಾಡುತ್ತದೆ. ಮೊದಲು ತಣ್ಣಗಾಗಿಸುವುದು, ಆಮೇಲೆ ಆಂಬುಲೆನ್ಸ್ ಹತ್ತಿಸುವುದು. ಕುಸಿದ ಕ್ಷಣದಿಂದ ಅರ್ಧ ಗಂಟೆಯೊಳಗೆ ತಣ್ಣಗಾದವರು ಬದುಕುತ್ತಾರೆ. 2018ರ ಮೇ 29ರಂದು ಮೇರಿಲ್ಯಾಂಡ್ ತಂಡದ ಓಟದ ಅಭ್ಯಾಸದಲ್ಲಿ ಕುಸಿದ ಲೈನ್‌ಮನ್ ಜೋರ್ಡನ್ ಮೆಕ್‌ನೇರ್‌ಗೆ ಆ ತೊಟ್ಟಿ ಸಿಗಲಿಲ್ಲ. ಎರಡು ವಾರದ ನಂತರ ತೀರಿಕೊಂಡಾಗ ಅವನಿಗೆ 19 ವರ್ಷ. ಮೈದಾನದ ಚಿತ್ರಗಳಲ್ಲಿ ಅಂಚಿನಲ್ಲಿ ತುಂಬಿಟ್ಟ ತೊಟ್ಟಿಗಳು ಕಾಣುತ್ತವೆಯೇ ಎಂದು ನಾನು ಮೊದಲು ನೋಡುತ್ತೇನೆ, ಡೆಪ್ತ್ ಚಾರ್ಟ್ (ಯಾರು ಮೊದಲು, ಯಾರು ಬದಲಿ ಎಂಬ ಪಟ್ಟಿ) ಆಮೇಲೆ.

ನಾಲ್ಕನೇ_ಡೌನ್

ಎಲ್ಲರಿಗೂ ತುಂಬಾ ಧನ್ಯವಾದ. ಪೋರ್ಟಲ್‌ನಿಂದ ಬಂದವರಲ್ಲಿ ಲೆಫ್ಟ್ ಟ್ಯಾಕಲ್ ಮತ್ತು ಲೆಫ್ಟ್ ಗಾರ್ಡ್ ಜನವರಿಯಲ್ಲೇ ಸೇರಿದ್ದರು, ರೈಟ್ ಟ್ಯಾಕಲ್ ಜೂನ್‌ನಲ್ಲಿ ಬಂದವನು. ಐವರ ಪಟ್ಟಿ ಇವತ್ತಿನಿಂದ ಬರೆದಿಡುತ್ತೇನೆ. ಕೊನೆಯದಾಗಿ ಒಂದು: ಮೊದಲ ಸ್ಕ್ರಿಮೇಜ್‌ನ ಅಂಕಿಅಂಶ ಮಾತ್ರ ಹೊರಬಂದು ವಿಡಿಯೊ ಬರದಿದ್ದರೆ ಅದರಲ್ಲಿ ಏನು ಹುಡುಕಲಿ?

ಎಡಗಾರ್ಡ್

ಹಾಗಾದರೆ ನಿಮ್ಮ ಬಲಬದಿಯ ಮೇಲೆ ಕಣ್ಣಿಡಿ. ಜೂನ್‌ನಲ್ಲಿ ಬಂದ ಟ್ಯಾಕಲ್ ಪಕ್ಕದಲ್ಲಿ ಮೊದಲ ಸಲ ಆರಂಭಿಸುತ್ತಿರುವ ರೆಡ್‌ಶರ್ಟ್ ಹುಡುಗ, ಅವನ ಪಕ್ಕದಲ್ಲಿ ಸ್ಥಾನ ಬದಲಿಸಿದ ಸೆಂಟರ್. ಆ ಅದಲುಬದಲಿನ ನುಗ್ಗುವಿಕೆಯನ್ನು ಎದುರಾಳಿಗಳು ಮೊದಲು ಅಲ್ಲೇ ಪ್ರಯೋಗಿಸುತ್ತಾರೆ.

ಸ್ಕ್ರಿಮೇಜ್ ಅಂಕಿಗಳಲ್ಲಿ ಒಟ್ಟು ಗಜಗಳನ್ನು ಬಿಡಿ, ಒಂದೇ 70 ಗಜದ ಓಟ ಎಲ್ಲವನ್ನೂ ಕೆಡಿಸುತ್ತದೆ. ಸ್ನ್ಯಾಪ್‌ಗೂ ಮುಂಚಿನ ಪೆನಾಲ್ಟಿ ಎಷ್ಟು, ನಷ್ಟಕ್ಕೆ ಹೋದ ಓಟ ಎಷ್ಟು, ಮೂರನೇ ಡೌನ್‌ಗೆ (10 ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) 1–2 ಗಜ ಬೇಕಿದ್ದಾಗ ಎಷ್ಟು ಸಲ ಸಿಕ್ಕಿತು. 80 ಸ್ನ್ಯಾಪ್‌ನಲ್ಲಿ ಪೆನಾಲ್ಟಿ ಮೂರು ದಾಟಿದರೆ ಲೈನ್‌ನ ಮಾತು ಇನ್ನೂ ಕೂಡಿಲ್ಲ. ಎರಡನೇ ವಾರದಲ್ಲಿ ಸ್ಪೀಕರ್ ಹಾಕಿ ಪ್ರೇಕ್ಷಕರ ಗದ್ದಲದ ನಡುವೆ ಸೈಲೆಂಟ್ ಕೌಂಟ್ ಅಭ್ಯಾಸ ಮಾಡಿಸುತ್ತಾರೆ: ಗಾರ್ಡ್ ಹಿಂತಿರುಗಿ ಕ್ವಾರ್ಟರ್‌ಬ್ಯಾಕ್ ಸನ್ನೆ ನೋಡಿ ಸೆಂಟರ್ ತೊಡೆಗೆ ತಟ್ಟುತ್ತಾನೆ, ಸೆಂಟರ್ ತಲೆ ಎತ್ತಿ ಒಂದು ಎಣಿಕೆ ಬಿಟ್ಟು ಚೆಂಡು ಕಳಿಸುತ್ತಾನೆ. ಆ ದಿನದ ವರದಿಯಲ್ಲಿ ಯಾವ ಗಾರ್ಡ್ ತಟ್ಟುತ್ತಿದ್ದ ಎಂಬುದು ಸಿಕ್ಕರೆ ಇಲ್ಲಿ ಹಾಕಿ. ಎಡಗಡೆಯವನಾಗಿದ್ದರೆ ಕೋಚ್ ಬಲಗಡೆಯ ರೆಡ್‌ಶರ್ಟ್ ಹುಡುಗನ ಮೇಲೆ ಇನ್ನೂ ಆ ಹೊರೆ ಇಟ್ಟಿಲ್ಲ.